ಬಸ್ಸಿಗೆ ಹತ್ತಿಸಿದವನು

ಕಿರುಗಾವಲು
೧೮ ಸೆಪ್ಟೆಂಬರ್ ೧೯೪೭

ಪ್ರೀತಿಯ ತಮ್ಮ ಪುಟ್ಟರಾಜುಗೆ ನಿನ್ನ ಅಕ್ಕ ಶಿವನಂಜಮ್ಮ ಬರೆಯೋದು.

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ಉತ್ತರ ಬರೀಲಿಲ್ಲ ಅಂತ ಸಿಟ್ಟಾಗಿದ್ದರೆ ಆಗು, ನನಗೇನು. ಈ ಮನೇಲಿ ನನಗೆ ಬಿಡುವಾದಾಗ ಮಸಿ ಇರಲ್ಲ, ಮಸಿ ಇದ್ದಾಗ ನಿಮ್ಮ ಭಾವನಿಗೆ ಬಿಸಿನೀರು ಬೇಕಾಗಿರ್ತದೆ. ನೀನು ಆ ಚಾಮರಾಜಪೇಟೆ ರೂಮಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ತಿದ್ದೀಯೋ ಇಲ್ಲವೋ, ಅದೇ ನನ್ನ ಯೋಚನೆ. ಪೇಪರಿನ ಕೆಲಸದೋರು ಕಾಫಿ ಕುಡಿದೇ ಬದುಕ್ತಾರೆ ಅಂತ ಮುದ್ದ ಹೇಳ್ತಿದ್ದ. ಹಂಗೇನಾದರೂ ಮಾಡಿದೆಯೋ, ಬೆಂಗಳೂರಿಗೇ ಬಂದು ಕಿವಿ ಹಿಂಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ಗಾಬರಿ ಆಗಬೇಡ. ನಿನ್ನ ಸೋದರಳಿಯ ಮುದ್ದಯ್ಯ ಈಗ ಎದ್ದು ಓಡಾಡ್ತಾ ಅವನೆ. ತಲೆಗೆ ಏಟು ಬಿದ್ದಿತ್ತು. ಇನ್ನೂ ಪಟ್ಟಿ ಬಿಚ್ಚಿಲ್ಲ, ಆದರೆ ಬಾಯಿಗೆ ಮಾತ್ರ ಏನೂ ಆಗಿಲ್ಲ, ಮೊದಲಿನ ಹಂಗೇ ಅದೆ.

ಆಗಿದ್ದು ಇಷ್ಟು. ಸಂತೆ ದಿನ ಮಾಳದ ಬಯಲಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಸಭೆ ಸೇರಿಸಿದ್ದರು. ದಿಲ್ಲಿಗೆ ಬಂದ ಸ್ವಾತಂತ್ರ್ಯ ಮೈಸೂರಿಗೆ ಯಾಕೆ ಬರಲಿಲ್ಲ ಅಂತ ಗಾಡಿ ಮೇಲೆ ನಿಂತು ಕೂಗಿದೋನು ನಮ್ಮ ಮುದ್ದನೇ. ಲಾರಿಯಲ್ಲಿ ಬಂದ ಪೊಲೀಸಿನೋರು ಹೇಳದೆ ಕೇಳದೆ ಲಾಠಿ ಬೀಸಿದರು. ಸಂತೆಗೆ ಬಂದ ಜನ, ಹೋರಿ ದನ, ಮಕ್ಕಳು ಎಲ್ಲ ಒಂದೇ ಸಲ ಎದ್ದು ಓಡಿದರೆ ಏನಾಗ್ತದೆ ಅಂತ ನೀನೇ ಯೋಚಿಸು. ನಾನು ಎದ್ದೆನೋ ಬಿದ್ದೆನೋ ಅಂತ ಓಡಿ ಹೋಗಿ ನೋಡ್ತೀನಿ, ನನ್ನ ಮಗ ಈರುಳ್ಳಿ ಮೂಟೆ ಸಂದಿಯಲ್ಲಿ ಬೋರಲು ಬಿದ್ದವನೆ. ಕೂಗಿದೆ, ಓಗೊಡಲಿಲ್ಲ. ಅಲ್ಲಾಡಿಸಿದೆ, ಕಣ್ಣು ಬಿಡಲಿಲ್ಲ. ನಿಮ್ಮ ಭಾವ ಮದ್ದೂರಿಗೆ ಹೋಗಿದ್ದರು. ಸುತ್ತ ಇದ್ದೋರೆಲ್ಲ ಅವರವರ ಪ್ರಾಣ ಹಿಡ್ಕೊಂಡು ಓಡ್ತಾ ಅವರೆ.

ಆಗ ಬಂದೋನು ಮೆಹಬೂಬ್ ಪಾಷಾ. ನೀನು ಊರು ಬಿಟ್ಟಾಗ ಅವನಿನ್ನೂ ಅವರಪ್ಪನ ಜೊತೆ ಗಾಡಿ ಚಕ್ರಕ್ಕೆ ಪಟ್ಟಿ ಹಾಕ್ತಿದ್ದ. ಈಗ ಮಳವಳ್ಳಿಗೆ ಹೋಗೋ ಇದ್ದಿಲು ಬಸ್ಸಿಗೆ ಡ್ರೈವರೂ ಅವನೇ, ಮೆಕ್ಯಾನಿಕ್ಕೂ ಅವನೇ. ಬಸ್ಸು ನಿಲ್ಲಿಸೋ ಶೆಡ್ಡಿನ ಹಿಂದೆ ಒಂದು ಕೋಣೆ, ಅಲ್ಲಿ ಅವನೂ ಅವನ ಹೆಂಡತಿ ಖುರ್ಷೀದ್ ಬೇಗಮ್ಮೂ ಇರೋದು. ಅವನಿಗೆ ಸಭೆಯೂ ಬೇಡ, ಸರ್ಕಾರವೂ ಬೇಡ, ಬಸ್ಸು ಓಡಿದರೆ ಸಾಕು ಅನ್ನೋ ಜಾತಿ. ಮುದ್ದನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡ. "ಅಳ್ಬೇಡಿ ಅಕ್ಕಯ್ಯ, ಉಸ್ರಾಡ್ತಾವ್ನೆ" ಅಂದ. ಲಾಠಿ ಏಟು ಅವನ ಬೆನ್ನಿಗೂ ಬಿತ್ತು, ತಿರುಗಿ ಸಹ ನೋಡಲಿಲ್ಲ.

ಪುಟ್ಟ, ಆವತ್ತು ಮಾಳದಲ್ಲಿ ಬಿದ್ದಿದ್ದೋರನ್ನೆಲ್ಲ ಎತ್ಕೊಂಡು ಹೋದ. ಬಸ್ಸಿಗೆ ಹತ್ತಿಸಿದವನು ಮೆಹಬೂಬ್ ಪಾಷಾ. ಬೇರೆ ಯಾರೂ ಕೈ ಹಾಕಲಿಲ್ಲ, ಹತ್ತಿಸಿದವನು ಅವನೊಬ್ಬನೇ. ನಾನು ಕಣ್ಣಾರೆ ಕಂಡಿದ್ದೀನಿ.

ಮಳವಳ್ಳಿ ಆಸ್ಪತ್ರೆಗೆ ಬಿಟ್ಟು ಬಂದ, ಮತ್ತೆ ತುಂಬಿಕೊಂಡು ಹೋದ. ಬಸ್ಸಿನ ಹಿಂದೆ ಇದ್ದಿಲು ಉರಿಸೋ ಡ್ರಮ್ಮು ಇರ್ತದಲ್ಲ, ಅದನ್ನ ನಡುನಡುವೆ ಆರೋಕೆ ಬಿಡಬೇಕಂತೆ. ಅವಸರದಲ್ಲಿ ಎಲ್ಲಿ ಬಿಡ್ತಾನೆ. ಕೊನೆಗೆ ಖಾಲಿ ಬಸ್ಸು ವಾಪಸ್ಸು ಬರುವಾಗ ಕೆರೆ ಏರಿ ಹತ್ರ ಡ್ರಮ್ಮು ಕೆಂಡದಂಗೆ ಕಾದು ಹಿಂದುಗಡೆ ಸೀಟು ಹೊತ್ತಿಕೊಂಡಿತು. ನೋಡ್ತಾ ನೋಡ್ತಾ ಇಡೀ ಬಸ್ಸು ಸುಟ್ಟು ಹೋಯ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬಸ್ಸಿನ ಯಜಮಾನರು ಏನಂತಾರೋ ಅಂತ ಪಾಷಾ ಏರಿ ಮೇಲೆ ಕೂತು ಅತ್ತನಂತೆ.

ನಿಮ್ಮ ಪೇಪರಿನಲ್ಲಿ ದಿನಾ ದೊಡ್ಡೋರ ಹೆಸರೇ ಬರ್ತದೆ. ಇಂಥೋನ ಹೆಸರು ಯಾಕೆ ಬರಬಾರದು? ಆಗೋದಾದರೆ ಒಂದು ಸಾಲು ಹಾಕು. ಅವನಿಗೆ ಓದೋಕೆ ಬರಲ್ಲ, ನಾನೇ ಓದಿ ಹೇಳ್ತೀನಿ.

ಚೆನ್ನಾಗಿರು. ಹೊತ್ತಿಗೆ ಉಣ್ಣು.

ನಿನ್ನ ಅಕ್ಕ
ಶಿವನಂಜಮ್ಮ


ಕಿರುಗಾವಲು
೩ ಅಕ್ಟೋಬರ್ ೧೯೪೭

ಪುಟ್ಟರಾಜುಗೆ ಅಕ್ಕನ ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಕೂತ್ಕೋ, ಈ ಕಾಗದ ಪೂರ್ತಿ ಓದು, ಓದಿ ಆದ ಮೇಲೆ ಎದ್ದು ಸೀದಾ ನಿಮ್ಮ ಸಂಪಾದಕರ ಹತ್ರ ಹೋಗು.

ನಿಮ್ಮ ಪೇಪರು ಬಂತು. ಸರ್ಕಾರ ನಿಲ್ಲಿಸಿದ ಮೇಲೆ ಎಲ್ಲೋ ಗಡಿಯಾಚೆ ಅಚ್ಚು ಹಾಕಿಸ್ತೀರಂತಲ್ಲ, ಅದು ಮದ್ದೂರಿಂದ ವೀಳ್ಯದೆಲೆ ಪೆಂಡಿಯೊಳಗೆ ಬರ್ತದೆ. ಊರಿಗೆಲ್ಲ ಒಂದೇ ಪ್ರತಿ. ನಮ್ಮ ಜಗುಲಿ ಮೇಲೆ ಮುದ್ದ ಕೂತು ಗಟ್ಟಿಯಾಗಿ ಓದ್ತಾನೆ, ಊರು ಸುತ್ತ ಕೂತು ಕೇಳ್ತದೆ. ತಲೆಗೆ ಪಟ್ಟಿ ಕಟ್ಟಿಕೊಂಡು ಅವನು ಓದೋಕೆ ಕೂತರೆ ಪುರಾಣ ಹೇಳೋರಿಗೂ ಅಷ್ಟು ಮರ್ಯಾದೆ ಇಲ್ಲ. ಮಾವನ ಪೇಪರು ಅಂತ ಅವನಿಗೆ ಒಂದು ಜಂಬ ಬೇರೆ.

ಮೇಲುಗಡೆ ಪಂಜಾಬಿನ ಸುದ್ದಿ. ರೈಲು, ಹೆಣ, ಇವರು ಅವರನ್ನ ಕಡಿದರು, ಅವರು ಇವರನ್ನ ಕಡಿದರು ಅಂತ. ಅದರ ಕೆಳಗೇ ದಪ್ಪ ಅಕ್ಷರದಲ್ಲಿ "ಕಿರುಗಾವಲಿನಲ್ಲಿ ಬಸ್ಸಿಗೆ ಬೆಂಕಿ: ಸತ್ಯಾಗ್ರಹಿಗಳ ಕೈವಾಡವಿಲ್ಲ." ಅದರ ಕೆಳಗೆ ಏನು ಹಾಕಿದಾರೆ ಗೊತ್ತಾ? ಅದನ್ನೇ ಇಳಿಸ್ತೀನಿ ನೋಡು. "ಬಸ್ಸಿಗೆ ಹತ್ತಿಸಿದವನು ಮೆಹಬೂಬ್ ಪಾಷಾ. ಬೇರೆ ಯಾರೂ ಕೈ ಹಾಕಲಿಲ್ಲ, ಹತ್ತಿಸಿದವನು ಅವನೊಬ್ಬನೇ ಎಂದು ಕಣ್ಣಾರೆ ಕಂಡ ಗೃಹಿಣಿಯೊಬ್ಬರು ಪತ್ರಿಕೆಗೆ ತಿಳಿಸಿದ್ದಾರೆ."

ನನ್ನ ಮಾತು ಕಣೋ ಅದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಬಿದ್ದೋರನ್ನ ಎತ್ತಿ ಅನ್ನೋದು ಮಾತ್ರ ಇಲ್ಲ. ಮುದ್ದ ಓದೋದು ನಿಲ್ಲಿಸಿ, "ಅಂಗಾರೆ ಬಸ್ಗೆ ಬೆಂಕಿ ಇಕ್ದೋನು ಪಾಷಾನಾ?" ಅಂದ. ನಾನು ಒಳಗಿಂದ ಓಡಿ ಬಂದು, "ಲೋ, ಹತ್ತಿಸಿದ ಅಂದರೆ ಜನಾನ ಹತ್ತಿಸಿದ ಅಂತ ಕಣ್ಲಾ, ನಾನೇ ಬರೆದಿದ್ದು" ಅಂದೆ. ಎಲ್ಲ ನನ್ನ ಮುಖ ನೋಡಿದರು. "ಓ, ಆ ಗೃಹಿಣಿ ನೀನೇನಾ, ಸಿವನಂಜಕ್ಕ? ಎದರ್ಕೋಬೇಡ, ನಾವೆಲ್ಲ ಇದೀವಿ" ಅಂದರು.

ನಾನು ಹೆದರಿ ಮಾತು ಬದಲಾಯಿಸ್ತಾ ಇದ್ದೀನಿ ಅಂತ ಅವರ ಲೆಕ್ಕ. ಏನು ಹೇಳೋದು ಈ ಜನಕ್ಕೆ.

ಇದು ಬೆಂಗಳೂರಿನೋರ ಕೆಲಸ ಅಂತ ನನಗೆ ಗೊತ್ತು. ಹತ್ತಿಸೋದು ಅಂದರೆ ಒಲೆಯನ್ನೂ ಹತ್ತಿಸ್ತೀವಿ, ಕೂಸುಗಳನ್ನ ಗಾಡಿಗೂ ಹತ್ತಿಸ್ತೀವಿ. ನನ್ನ ಕಾಗದ ನಿನ್ನ ಮೇಜಿನ ಮೇಲೆ ಬಿದ್ದಿರ್ತದೆ, ನೀನಿಲ್ಲದ ಹೊತ್ತಲ್ಲಿ ಯಾರೋ ಒಬ್ಬ ಅರೆಬರೆ ಓದಿ, ಬಸ್ಸು ಸುಟ್ಟಿದ್ದೂ ಹತ್ತಿಸಿದ್ದೂ ಒಂದೇ ಅಂದ್ಕೊಂಡು ಅಚ್ಚು ಹಾಕಿಸಿರ್ತಾನೆ. ಅವನನ್ನ ಹಿಡಿದು ನಾಕು ತದಕು. ಆಮೇಲೆ ತಿದ್ದುಪಡಿ ಹಾಕಿಸು.

ಬೇಗ ಹಾಕಿಸಬೇಕು ಪುಟ್ಟ. ಪಾಷಾನ್ನ ಹಿಡ್ಕೊಂಡು ಹೋದರು. ಪೊಲೀಸಿನೋರ ಕೈಯಲ್ಲಿ ನಿಮ್ಮ ಪೇಪರೇ ಇತ್ತು. ಅದನ್ನ ಇಟ್ಟುಕೊಂಡೋರನ್ನ ಜೈಲಿಗೆ ಹಾಕೋ ಅದೇ ಜನ, ಅದರಲ್ಲಿ ಬಂದಿದ್ದನ್ನ ಮಾತ್ರ ವೇದವಾಕ್ಯ ಅಂತ ನಂಬಿಕೊಂಡು ಬಂದವರೆ. ನಿಮ್ಮ ಭಾವನ ಬುದ್ಧಿಯೂ ಹಂಗೇ ಆಗಿಬಿಟ್ಟದೆ. "ಸುಳ್ಳು ಬರ್ಯೋ ಪೇಪರಾಗಿದ್ರೆ ಸರ್ಕಾರ ಯಾಕೆ ನಿಲ್ಲಿಸ್ತಿತ್ತು ಕಣೆ?" ಅಂತ ನನ್ನನ್ನೇ ಕೇಳ್ತಾರೆ. ಕದ್ದು ಬರೋ ಪೇಪರಿಗೆ ಇರೋ ಬೆಲೆ ಹೆಂಡತಿ ಮಾತಿಗಿಲ್ಲ.

ಪಾಷಾ ಜನಾನ ಹೊತ್ತಿದ್ದನ್ನ ನಾನೊಬ್ಬಳೇ ಕಂಡಿದ್ದಾ? ಸಂತೆಯಲ್ಲಿ ಕಂಡೋರು ಬೇಕಾದಷ್ಟು ಜನ ಅವರೆ. ಈಗ ಕೇಳಿದರೆ ಓಡೋ ಗಡಿಬಿಡಿಯಲ್ಲಿ ಸರಿಯಾಗಿ ನೋಡಲಿಲ್ಲ ಅಂತಾರೆ. ಕಾಫಿ ಹೋಟ್ಲಲ್ಲಿ ಮಾತ್ರ ದಿನಕ್ಕೊಂದು ಬಣ್ಣ ಕಟ್ತಾ ಅವರೆ. ಅವನು ಬೆಂಕಿಪೆಟ್ಟಿಗೆ ತೆಗೆದಿದ್ದನ್ನ ಒಬ್ಬ ನೋಡಿದನಂತೆ. ಅವನು ನಕ್ಕಿದ್ದನ್ನ ಇನ್ನೊಬ್ಬ ನೋಡಿದನಂತೆ. ಅದರ ಜೊತೆಗೆ ಪಂಜಾಬಿನ ಮಾತು. ಎಲ್ಲಿಯ ಪಂಜಾಬು, ಎಲ್ಲಿಯ ಕಿರುಗಾವಲು. ನಮ್ಮ ಅಪ್ಪನ ಕಾಲದಿಂದ ನಮ್ಮ ಗಾಡಿಗಳಿಗೆ ಕೀಲು ಹಾಕಿದ ಮನೆಯೋರು, ಒಂದು ವಾರದಲ್ಲಿ ಬೇರೆ ದೇಶದೋರಾಗಿಬಿಟ್ಟರು.

ನಿನ್ನೆ ಖುರ್ಷೀದ್ ಬೇಗಂ ಬಂದಿದ್ದಳು. ಬಾಗಿಲ ಹೊರಗೇ ನಿಂತುಕೊಂಡಳು, ಒಳಗೆ ಬಾ ಅಂದರೂ ಬರಲಿಲ್ಲ. "ಅಕ್ಕ, ಪೇಪರ್ನಾಗೆ ಏಳಿರೋದು ನೀವೇ ಅಂತಾರೆ, ಔದಾ?" ಅಂತ ಕೇಳಿದಳು. ಹೌದು ಅನ್ನಲಾ, ಇಲ್ಲ ಅನ್ನಲಾ? ನಾನು ಒಳ್ಳೇದಕ್ಕೆ ಬರೆದೆ ಕಣಮ್ಮ, ಅವರು ಹಿಂಗೆ ಮಾಡಿದರು, ನನ್ನ ತಮ್ಮನೇ ಅಲ್ಲವನೆ, ಸರಿ ಮಾಡ್ತಾನೆ ಅಂದೆ. ಅವಳು ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಅವಳಿಗೆ ಕೊಡೋಣ ಅಂತ ಎರಡು ಸೇರು ರಾಗಿ ಹಿಟ್ಟು ತರೋಕೆ ಒಳಗೆ ಹೋದೆ, ಬರುವಷ್ಟರಲ್ಲಿ ಹೊರಟು ಹೋಗಿದ್ದಳು.

ಮುದ್ದನಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗ್ತಿಲ್ಲ. "ನಿನ್ನ ಹೊತ್ತೋನು ಅವನೇ ಕಣ್ಲಾ" ಅಂದರೆ, "ನೀನು ಗಾಬ್ರೀಲಿ ಸರ್ಯಾಗಿ ನೋಡಿಲ್ಲ ಬುಡವ್ವ. ನಮ್ ಸ್ವಯಂಸೇವಕರು ಒತ್ತಿರ್ತಾರೆ" ಅಂತಾನೆ. ಅವನಿಗೆ ಆಗ ಪ್ರಜ್ಞೆಯೇ ಇರಲಿಲ್ಲ. ನಾನು ಪಕ್ಕದಲ್ಲಿ ಓಡ್ತಾ ಇದ್ದೆ. ಆದರೂ ಹೆತ್ತ ತಾಯಿಗಿಂತ ಆ ಕಾಗದದ ತುಂಡು ಹೆಚ್ಚು ಕಂಡದೆ ಅಂತಾಯ್ತು.

ನಾಳೆಯೇ ತಿದ್ದುಪಡಿ ಬರಲಿ. ಮೊದಲು ಬಂದ ಜಾಗದಲ್ಲೇ ಬರಲಿ, ಅಷ್ಟೇ ದಪ್ಪ ಅಕ್ಷರದಲ್ಲಿ. ಅದನ್ನ ತಗೊಂಡು ನಾನೇ ಮಳವಳ್ಳಿಗೆ ಹೋಗ್ತೀನಿ, ಯಾರ ಕಾಲು ಬೇಕಾದರೂ ಹಿಡೀತೀನಿ.

ನಿನ್ನ ಅಕ್ಕ
ಶಿವನಂಜಮ್ಮ


ಕಿರುಗಾವಲು
೯ ನವೆಂಬರ್ ೧೯೪೭

ಪುಟ್ಟರಾಜುಗೆ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಈ ಸಲ ಮಸಿ ಬಿಸಿನೀರಿನ ನೆಪ ಹೇಳಲ್ಲ. ಬರೆಯೋಕೆ ಕೂತರೆ ಕೈ ಬರ್ತಿರಲಿಲ್ಲ. ನಾನು ಬರೆದ ಸಾಲು ಏನಾಗ್ತದೋ ಅನ್ನೋ ಭಯ ಈಗ ನನಗೆ. ಅಂಗಡಿಗೆ ಚೀಟಿ ಬರೆಯೋಕೂ ಯೋಚಿಸ್ತೀನಿ.

ನೀನು ಬರೆದದ್ದನ್ನ ಓದಿ ಓದಿ ಬಾಯಿಪಾಠ ಆಗಿಬಿಟ್ಟದೆ. "ಅಕ್ಕ, ನಾನು ಸುಳ್ಳು ಬರೆದಿಲ್ಲ. ನಿನ್ನ ಮಾತನ್ನೇ ಹಾಕಿದ್ದೀನಿ, ಮೇಲಿನ ಒಂದು ಸಾಲು ಕೈಬಿಟ್ಟೆ ಅಷ್ಟೆ. ಸತ್ಯಾಗ್ರಹಿಗಳೇ ಬಸ್ಸು ಸುಟ್ಟರು ಅಂತ ಸರ್ಕಾರ ಪ್ರಕಟಣೆ ಹೊರಡಿಸಿತ್ತು. ಆ ಮಾತು ನಿಂತಿದ್ದರೆ ಚಳವಳಿಯ ಹೆಸರೇ ಹಾಳಾಗ್ತಿತ್ತು. ತಾನಾಗೇ ಹೊತ್ತಿಕೊಂಡಿತು ಅಂದರೆ ಯಾರೂ ನಂಬಲ್ಲ. ಒಂದು ಹೆಸರು ಬೇಕಿತ್ತು. ನಾವು ಗೆದ್ದ ಮೇಲೆ ಎಲ್ಲ ಸರಿ ಮಾಡೋಣ" ಅಂತ ಬರೆದಿದ್ದೀಯ.

ಯಾರೋ ಬೆಂಗಳೂರಿನೋನು ಅಂದ್ಕೊಂಡಿದ್ದೆನಲ್ಲೋ. ನೀನು ಇದೇ ಊರಲ್ಲಿ ಹುಟ್ಟಿದೋನು. ಸಂತೆಗೆ ಹೋಗುವಾಗ ಅಪ್ಪನ ಗಾಡಿಗೆ ನಿನ್ನ ಸೊಂಟ ಹಿಡಿದು ಹತ್ತಿಸ್ತಿದ್ದೋಳು ನಾನೇ. ನಿನಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ ಅಂತ ಯಾವ ದೇವರ ಮುಂದೆ ಹೇಳ್ತೀಯ? ಹೆಸರು ಬೇಕಿತ್ತಂತೆ. ಬೇಕಿದ್ದರೆ ನನ್ನ ಹೆಸರು ಹಾಕಬೇಕಿತ್ತು. ನಿಮ್ಮ ಭಾವನ ಹೆಸರು ಹಾಕಬೇಕಿತ್ತು. ಆ ಹೆಸರು ಹಾಕಿದರೆ ಜನ ಮರುಮಾತಿಲ್ಲದೆ ನಂಬ್ತಾರೆ ಅಂತ ತಿಳಿದೇ ಹಾಕಿದ್ದೀಯ.

ಗೆದ್ದಿರಿ. ಸಂತೋಷ. ರಾಜಿ ಆಯ್ತು, ಜವಾಬ್ದಾರಿ ಸರ್ಕಾರ ಬಂತು, ಜೈಲಲ್ಲಿದ್ದೋರನ್ನೆಲ್ಲ ಬಿಟ್ಟರು. ಮಂಡ್ಯದ ಸ್ಟೇಷನ್ನಿನಲ್ಲಿ ಹಾರ ಹಾಕೋಕೆ ಮುದ್ದನೂ ಹೋಗಿದ್ದ. ಪಾಷಾನ್ನ ಮಾತ್ರ ಬಿಡಲಿಲ್ಲ. ಅವನು ಸತ್ಯಾಗ್ರಹಿ ಅಲ್ಲವಲ್ಲ, ಬೆಂಕಿ ಹಾಕಿದ ಕೇಸು ಅಂತ ಒಳಗೇ ಇಟ್ಟುಕೊಂಡರು.

ಆವತ್ತು ಸಂಜೆ ನಮ್ಮೂರಲ್ಲಿ ವಿಜಯದ ಮೆರವಣಿಗೆ. ತಮಟೆ, ಪಂಜು, ಜೈಕಾರ. ಹೆಂಗಸರೆಲ್ಲ ಬಾಗಿಲಲ್ಲಿ ಆರತಿ ಹಿಡ್ಕೊಂಡು ನಿಂತಿದ್ದೆವು, ನಾನೂ ನಿಂತಿದ್ದೆ. ಮೆರವಣಿಗೆ ಬಸ್ಸಿನ ಶೆಡ್ಡು ದಾಟಿತು ಅನ್ನುವಷ್ಟರಲ್ಲಿ ಹೊಗೆ ಎದ್ದಿತು. ಪಂಜಿನ ಕಿಡಿ ಹಾರಿತು ಅಂತ ಊರೆಲ್ಲ ಹೇಳ್ತದೆ. ಒಳಗೆ ಗ್ರೀಸು, ಹಳೇ ಟೈರು, ಇದ್ದಿಲು. ಖುರ್ಷೀದ್ ಹಿಂದಿನ ಬಾಗಿಲಿಂದ ಹೊರಗೆ ಬಂದಿದ್ದಳಂತೆ. ಗಂಡನ ಪಾನಾ ಸುತ್ತಿಗೆ ಇಡೋ ಪೆಟ್ಟಿಗೆ ಒಳಗಿದೆ, ಅವನು ಬಂದರೆ ಏನು ಮಾಡ್ಕೊಂಡು ತಿಂತಾನೆ ಅಂತ ತಿರುಗಿ ಒಳಗೆ ನುಗ್ಗಿದಳಂತೆ. ನಾನು ಹೋಗುವಷ್ಟರಲ್ಲಿ ಅವಳನ್ನ ಹೊರಗೆ ಎಳೆದು ಗೋಣಿ ಹೊದಿಸಿದ್ದರು. ಎತ್ತಿನ ಗಾಡಿಯಲ್ಲಿ ಮಳವಳ್ಳಿಗೆ ಕರ್ಕೊಂಡು ಹೋಗಬೇಕಾಯ್ತು. ಊರಿಗೆ ಇದ್ದದ್ದು ಒಂದು ಬಸ್ಸು, ಅದೂ ಇಲ್ಲ. ನಾನೂ ಗಾಡಿಯಲ್ಲಿದ್ದೆ. ನೀರು ನೀರು ಅಂದಳು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಹೋಗಿಬಿಟ್ಟಳು.

ಮಣ್ಣಿಗೆ ಪಾಷಾನ್ನ ಕರ್ಕೊಂಡು ಬಂದರು, ಜೊತೆಗೆ ಪೊಲೀಸಿನೋರು. ಠಾಣೆಯ ಏಟಿಗೆ ಬಲಗೈ ಬೆರಳುಗಳು ಬಾತುಕೊಂಡು ಸರಿಯಾಗಿ ಮಡಚೋಕೂ ಆಗ್ತಿರಲಿಲ್ಲ. ನಾನು ದೂರ ನಿಂತಿದ್ದೆ, ಯಾವ ಮುಖ ಇಟ್ಕೊಂಡು ಹತ್ರ ಹೋಗಲಿ. ಅವನೇ ನನ್ನ ನೋಡಿ ನಿಂತ. ಬೈತಾನೆ ಅಂದ್ಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಕ್ಕಯ್ಯ, ಮುದ್ದಯ್ಯನ ತಲೆ ವಾಸಿ ಆಯ್ತಾ?" ಅಂತ ಕೇಳಿದ. ನಾನು ಆಯ್ತು ಅಂದೆ.

ಅದಾದ ಮೇಲೆ ಬಂತು ನ್ಯಾಯವಾದ ನಿನ್ನ ತಿದ್ದುಪಡಿ. ಕೊನೇ ಪುಟ, ಕೊನೇ ಮೂಲೆ, ತೈಲದ ಜಾಹೀರಾತಿನ ಕೆಳಗೆ. "ಕಿರುಗಾವಲಿನಲ್ಲಿ ಬಸ್ಸಿಗೆ ಹತ್ತಿಸಿದವನು ಮೆಹಬೂಬ್ ಪಾಷಾ ಎಂದು ಹಿಂದೆ ಪ್ರಕಟವಾದುದು ಸರಿಯಲ್ಲ. ಹತ್ತಿಸಿದವನು ಆತನಲ್ಲವೆಂದು ಈಗ ತಿಳಿದುಬಂದಿದೆ." ಅಷ್ಟೆ. ಜಗುಲಿ ಮೇಲೆ ಯಾರೂ ಅದನ್ನ ಓದಿಸಲಿಲ್ಲ. ಈಗ ಪೇಪರು ರಾಜಾರೋಷವಾಗಿ ರೈಲಲ್ಲಿ ಬರ್ತದೆ, ಯಾರು ಬೇಕಾದರೂ ಕೊಳ್ಳಬಹುದು, ಕೇಳೋಕೆ ಕೂರೋರು ಮಾತ್ರ ಕಮ್ಮಿ ಆಗವರೆ. ನಾನೇ ಹಿಡ್ಕೊಂಡು ಮಳವಳ್ಳಿಗೆ ಹೋದೆ. ಸಾಕ್ಷಿ ಇಲ್ಲ ಅಂತ ಪಾಷಾನ್ನ ಬಿಟ್ಟರು. ಈಗ ಮಸೀದಿ ಜಗುಲಿ ಮೇಲೆ ಮಲಗ್ತಾನೆ. ಆ ಕೈಗೆ ಯಾರೂ ಕೆಲಸ ಕೊಡ್ತಿಲ್ಲ. ಮೈಸೂರಿನ ಕಡೆ ಹೋಗ್ತೀನಿ ಅಂತಿದ್ದಾನಂತೆ.

ನಿಮ್ಮ ಭಾವ ಆರೋಗ್ಯವಾಗವರೆ. ಕಬ್ಬು ಚೆನ್ನಾಗಿ ಬಂದದೆ. ನೀನು ಮಂತ್ರಿಗಳ ಜೊತೆ ನಿಂತ ಫೋಟೋ ಪೇಪರಿನಲ್ಲಿ ಬಂದಿತ್ತು, ಅದನ್ನ ಕತ್ತರಿಸಿ ಗೋಡೆಗೆ ಅಂಟಿಸಿದಾರೆ. ನಾನು ಆ ಗೋಡೆ ಕಡೆ ನೋಡಲ್ಲ.

ನಿನಗೆ ಕೆಟ್ಟದಾಗಲಿ ಅಂತ ನನ್ನ ಬಾಯಲ್ಲಿ ಬರಲ್ಲ, ಏನು ಮಾಡಲಿ, ಎತ್ತಿ ಆಡಿಸಿದ ಕೂಸು. ಆಯುಸ್ಸು ಆರೋಗ್ಯ ಚೆನ್ನಾಗಿರಲಿ.

ಶಿವನಂಜಮ್ಮ

ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಅದು ಪಂಜಿನ ಕಿಡಿ ಅಲ್ಲ ಕಣೋ. ಶೆಡ್ಡಿಗೆ ಬೆಂಕಿ ಇಟ್ಟೋನು ಮುದ್ದ. ಆವತ್ತಿಂದ ಸರಿಯಾಗಿ ಅನ್ನ ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಹಿತ್ತಿಲಲ್ಲಿ ನನ್ನ ಕಾಲು ಹಿಡ್ಕೊಂಡು ಬಾಯಿ ಬಿಟ್ಟ. "ಒಳ್ಗೆ ಯಾರೂ ಇಲ್ಲ ಅನ್ಕಂಡಿದ್ದೆ ಕಣವ್ವ. ಬಸ್ ಸುಟ್ಟೋನ್ ಸೆಡ್ಡು ತಾನೆ ಅಂತ ಪಂಜು ಇಟ್ಬುಟ್ಟೆ" ಅಂದ. ನಾನು ಹೊಡೆಯಲಿಲ್ಲ. ಎದ್ದೇಳು, ಪಾಷಾ ಊರು ಬಿಡೋದಕ್ಕೆ ಮುಂಚೆ ಹೋಗಿ ಅವನ ಕಾಲಿಗೆ ಬೀಳು, ನಿನ್ನ ಹೊತ್ತು ಬಸ್ಸಿಗೆ ಹತ್ತಿಸಿ ಜೀವ ಉಳಿಸಿದೋನು ಅವನು ಅಂದೆ. ಮುದ್ದ ಜೇಬಿಗೆ ಕೈ ಹಾಕಿ ಪೇಪರಿನ ಒಂದು ಚೂರು ತೆಗೆದ. ನಿನ್ನ ತಿದ್ದುಪಡಿ. ಅದನ್ನ ನನ್ನ ಕೈಗೂ ಕೊಡದೆ ಎರಡು ಕೈಯಲ್ಲೂ ಹಿಡ್ಕೊಂಡು, "ಇಲ್ಲ ಕಣವ್ವ, ನನ್ನ ಬಸ್ಗೆ ಅತ್ತಿಸ್ದೋನು ಅವನಲ್ಲ. ನೋಡಿಲ್ಲಿ, ಮಾವನೇ ಬರ್ದವ್ರೆ" ಅಂದ.